ಮದುವೆ ಡ್ರೆಸ್‌ಗೆ ಯಾವ ಕ್ರೇಪ್: ರೇಷ್ಮೆಯೋ, ಪಾಲಿಯೆಸ್ಟರೋ?

ನೂಲನ್ನು ತುಂಬಾ ಬಿಗಿಯಾಗಿ ಹುರಿ ಮಾಡಿ ನೇಯುವುದರಿಂದ ಕ್ರೇಪ್ ಬಟ್ಟೆಗೆ ಆ ಸಣ್ಣ ಸುಕ್ಕಿನ ಮೈ ಬರುತ್ತದೆ. ಮುಟ್ಟಿ ನೋಡಿದರೆ ರೇಷ್ಮೆಯದೂ ಪಾಲಿಯೆಸ್ಟರಿನದೂ ಒಂದೇ ಅನ್ನಿಸಬಹುದು. ತೊಟ್ಟಾಗ ಹಾಗಲ್ಲ.

ರೇಷ್ಮೆ ಕ್ರೇಪ್ ನೀರಿನಂತೆ ಇಳಿಬೀಳುತ್ತದೆ, ಗಾಳಿಯೂ ಆಡುತ್ತದೆ. ಆದರೆ ದಪ್ಪ ನೋಡಿ ಕೊಳ್ಳಬೇಕು. ರೇಷ್ಮೆಯ ತೂಕವನ್ನು ಮೊಮ್ಮೆ ಎಂಬ ಅಳತೆಯಲ್ಲಿ ಹೇಳುತ್ತಾರೆ; ಅಂಕಿ ಹೆಚ್ಚಿದಷ್ಟೂ ಬಟ್ಟೆ ಭಾರ. 12ರಿಂದ 16 ಮೊಮ್ಮೆಯ ಕ್ರೇಪ್ ಡಿ ಶೀನ್ (ಹಗುರ ಬಗೆಯ ಕ್ರೇಪ್) ಬ್ಲೌಸಿಗೆ ಚೆಂದ. ಬಿಳಿ ಗೌನ್‌ಗೆ ಅದು ತೆಳು, ಒಳಗಿನದೆಲ್ಲ ಕಾಣುತ್ತದೆ. 'ಫೋರ್ ಪ್ಲೈ' (ನಾಲ್ಕೆಳೆ ನೂಲಿನದು) ಎಂದು ಮಾರುವ ದಪ್ಪ ಕ್ರೇಪ್ ಕೇಳಿ. ನೀರು ಬಿದ್ದರೆ ಕಲೆ ಉಳಿಯಬಹುದು, ಒಗೆದರೆ ಕುಗ್ಗಬಹುದು. ಬೆಲೆಯಂತೂ ಜಾಸ್ತಿನೇ.

ಪಾಲಿಯೆಸ್ಟರ್ ಕ್ರೇಪ್ ಅಗ್ಗ, ಬೇಗ ಮುದುಡುವುದಿಲ್ಲ. ಡ್ರೆಸ್ಸನ್ನು ಸೂಟ್‌ಕೇಸಿನಲ್ಲಿ ಒಯ್ಯಬೇಕಿದ್ದರೆ ಇದೇ ಸರಿ. ಸೆಕೆಯಲ್ಲಿ ಮಾತ್ರ ಕಷ್ಟ: ಬೆವರು ಹೀರುವುದಿಲ್ಲ. ಒಣ ಹವೆಯಲ್ಲಿ ಕಾಲಿಗೆ ಅಂಟಿಕೊಳ್ಳುತ್ತದೆ. ಮೈಗೆ ಬಿಗಿಯಾಗಿ ಕೂರುವ ಕಟ್ ಬೇಕಿದ್ದರೆ ಸ್ವಲ್ಪ ಸ್ಪ್ಯಾಂಡೆಕ್ಸ್ (ಎಳೆದರೆ ಹಿಗ್ಗುವ ನೂಲು) ಬೆರೆತದ್ದು ನೋಡಿ. ಕೂತು ಏಳುವುದಕ್ಕೂ ಬೇಕಲ್ವಾ!

ಕ್ರೇಪ್ ಯಾವುದೇ ಇರಲಿ, ಲೇಸ್‌ನಂತೆ ಹೊಲಿಗೆಯ ತಪ್ಪನ್ನು ಮುಚ್ಚುವುದಿಲ್ಲ. ಒಳಉಡುಪಿನ ಗೆರೆಯೂ ಎದ್ದು ಕಾಣುತ್ತದೆ. ಹಾಗಾಗಿ ಬಜೆಟ್ ಬಿಗಿಯಿದ್ದರೆ ತೆಳು ರೇಷ್ಮೆಗೆ ಸುಮ್ನೆ ದುಡ್ಡು ಸುರಿಯಬೇಡಿ. ದಪ್ಪ ಪಾಲಿಯೆಸ್ಟರ್ ಕ್ರೇಪ್ ತೆಗೆದುಕೊಂಡು, ಉಳಿದದ್ದನ್ನು ಒಳ್ಳೆಯ ಟೈಲರ್‌ಗೂ ಹತ್ತಿಯ ಅಥವಾ ರೇಷ್ಮೆಯ ಲೈನಿಂಗ್‌ಗೂ ಖರ್ಚು ಮಾಡಿ.