ಸ್ಪ್ರಿಂಗ್ ನಡುವ ರಬ್ಬರ್ ತುರುಕಿಸಿ ಗಾಡಿ ಎತ್ತರ ಮಾಡಿಸಾಕ ಹೊಂಟವರು ಒಮ್ಮೆ ಇದನ್ನ ಓದ್ರಿ

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಸಣ್ಣ ಕಾರ್ ಓಡಸೋರಿಗೆಲ್ಲಾ ಹೇಳಾಕತ್ತೀನ್ರಿ, ಕಡಿಮಿ ರೊಕ್ಕದಾಗ ಸಸ್ಪೆನ್ಷನ್ (ಗಾಲಿ ಹತ್ರ ಇರೋ ಸ್ಪ್ರಿಂಗ್, ಶಾಕಬ್ಸರ್ ಜೋಡಣಿ) ಅಪ್‌ಗ್ರೇಡ್ ಮಾಡಿ ಕೊಡ್ತೀವಿ ಅಂತ ಯಾರರ ಅಂದ್ರ ಚಾವಿ ಕೈಗೆ ಕೊಡೂಕಿಂತ ಮೊದಲ ಸ್ವಲ್ಪ ತಡೀರಿ. ನಮ್ಮ ಮನಿ ಗಾಡಿಗೆ ಆಗಿದ್ದನ್ನ ಪೂರ್ತಿ ಬರೀತೀನಿ, ಯಾಕಂದ್ರ ಇದು ಬರೇ ರೊಕ್ಕ ಹೋಗಿದ್ದರ ಮಾತಲ್ಲ, ಹೈವೇ ಮ್ಯಾಲೆ ಹಿಂದಿನ ಗಾಲಿ ನೆಲ ಬಿಟ್ಟು ಜಿಗಿಯೋ ಗಾಡಿಯೊಳಗ ನಮ್ಮ ಅವ್ವ ಕುಂತಿದ್ಲು.

ಗಾಡಿ 2012ರ ಸ್ವಿಫ್ಟ್ ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಣ್ಣನ ಕೆಲಸ ಗದಗದಾಗ, ಮನಿ ಹುಬ್ಬಳ್ಳ್ಯಾಗ, ಹಂಗಾಗಿ ಎನ್‌ಎಚ್ 67 ಮ್ಯಾಲೆನ ಅದರ ಓಡಾಟ ಎಲ್ಲಾ. ಆ ಕಡೆ ಎರಿ ಭೂಮಿ ನೋಡ್ರಿ, ಮಳಿ ಬಿದ್ರ ಮಣ್ಣು ಉಬ್ಬತೈತಿ, ಬ್ಯಾಸಿಗ್ಯಾಗ ಒಣಗಿ ಕುಗ್ಗಿ ಬಿರುಕು ಬಿಡ್ತೈತಿ, ಹಿಂಗಾಗಿ ಮ್ಯಾಲೆ ಎಷ್ಟ ಚಂದ ಡಾಂಬರ್ ಹಾಕಿದ್ರೂ ಎರಿ ಹೊಲದ ನಡುವ ಹೋಗೋ ರೋಡ್ ಕೆಲವು ಕಡೆ ಅಲಿ ಅಲಿ ಆಗಿಬಿಡ್ತಾವು. ತಗ್ಗು ಆದ್ರ ಕಣ್ಣಿಗೆ ಕಾಣ್ತೈತಿ, ಬ್ರೇಕ್ ಹಾಕಬಹುದು, ಈ ಅಲಿ ಕಾಣೂದಿಲ್ಲ, 80ರಾಗ ಹೊಂಟಾಗ ಒಮ್ಮೆಲೆ ಗಾಡೀನ ಎತ್ತಿ ಒಗೀತೈತಿ. ಇಂಥಾ ರೋಡಿಗೆ ಗಾಡಿ ಎತ್ತರ ಆಗೂದಕ್ಕಿಂತ ಎದ್ದ ಗಾಡೀನ ಹಿಡದು ಕುಂದ್ರಸೋ ಶಾಕಬ್ಸರ್ ಬೇಕು.

ತ್ರಾಸ್ ಎರಡ ಇದ್ವು. ಹಿಂದ ಮೂರು ಮಂದಿ ಕುಂತು ಡಿಕ್ಕಿಯೊಳಗ ಸಾಮಾನ ಇಟ್ರ ಊರಾಗಿನ ಹಂಪಿಗೆ (ಸ್ಪೀಡ್ ಬ್ರೇಕರಿಗೆ) ತಳ ತಾಗತಿತ್ತು, ಮತ್ತ ಮುಂದ ಎಡಗಡೆ ಸಣ್ಣ ತಗ್ಗಿಗೂ ಕಟ್ ಕಟ್ ಸಪ್ಪಳ ಬರತಿತ್ತು. ಅಣ್ಣ ಇವೆರಡನ್ನ ನೋಡಿ ಹೇಳ್ರಿ ಅಂತ ಹುಬ್ಬಳ್ಳ್ಯಾಗ ಒಂದು ಅಂಗಡಿಗೆ ಒಯ್ದ. ಹೆಸರು ಬರಿಯೂದಿಲ್ಲ, ದೂರು ನಡದೈತಿ. ಅವರು ಗಾಡಿ ಎತ್ತಿ ತಳ ನೋಡ್ಲೇ ಇಲ್ಲ, ಬಾನೆಟ್ ಮ್ಯಾಲೆ ಕೈಯೂರಿ ಒತ್ತಿ, ಶಾಕಬ್ಸರ್ ಹೋಗ್ಯಾವ್ರಿ ಅಣ್ಣಾರ, ಸ್ಪ್ರಿಂಗೂ ಕುಂತಾವು, ನಮ್ಮ ಕಡೆ ಪ್ಯಾಕೇಜ್ ಐತಿ ಅಂದ್ರಂತ. ಪ್ಯಾಕೇಜ್ ಅಂದ್ರ ನಾಲ್ಕೂ ಕಡೆ ಹೊಸಾ ಗ್ಯಾಸ್ ಶಾಕಬ್ಸರ್, ನಾಲ್ಕೂ ಸ್ಪ್ರಿಂಗಿನ ಸುತ್ತಿನ ನಡುವ ದಪ್ಪನ ರಬ್ಬರ್ ಬಫರ್, ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕಬ್ಸರ್ ಕೂಡಿದ ಕಂಬ) ಮ್ಯಾಲೆ ಎತ್ತರಕ್ಕ ಒಂದು ಸ್ಪೇಸರ್, ಎಲ್ಲಾ ಸೇರಿ 16 ಸಾವಿರ. ಕಂಪನಿ ಸಾಮಾನ ಹಾಕಿಸಿದ್ರ ಇದರ ಡಬಲ್ ಆಗ್ತೈತಿ, ಸಂಜಿಕ ಗಾಡಿ ಒಯ್ರಿ ಅಂತ ಹೇಳಿ ಇಟ್ಕೊಂಡ್ರು. ಕಟ್ ಕಟ್ ಸಪ್ಪಳ ಎಲ್ಲಿಂದ ಬರ್ತೈತಿ ಅಂತ ಒಂದು ಮಾತು ಹೇಳ್ಲಿಲ್ಲ.

ಗಾಡಿ ಮನಿಗೆ ಬಂದಾಗ ಎಲ್ಲಾರೂ ಚಲೋ ಆತು ಅಂದ್ರು, ಎತ್ತರ ನಿಂತಿತ್ತು, ಹಂಪಿಗೆ ತಾಗೂದು ನಿಂತಿತ್ತು, ಬಿರುಸಾಗಿತ್ತು. ಮೋಸ ಅಡಗಿರೋದ ಇಲ್ಲಿ ನೋಡ್ರಿ. ಬಫರ್ ಹಾಕಿದ ಮರುದಿನ ಯಾರನ್ನ ಕೇಳಿದ್ರೂ ಭಾರಿ ಐತಿ ಅಂತನ ಹೇಳ್ತಾರ, ಯಾಕಂದ್ರ ಸಿಟಿಯೊಳಗ ಮೂವತ್ತು ನಲವತ್ತರ ಸ್ಪೀಡಿನಾಗ ಬಿರುಸು ಗಾಡಿ ಗಟ್ಟಿ ಗಾಡಿ ಅನಸ್ತೈತಿ. ಫೋನಿನಾಗ ಓಡಾಡೋ ಹೊಗಳಿಕಿ ವಿಡಿಯೋ ಬಾಳಷ್ಟು ಹಿಂಗ ಹಾಕಿಸಿದ ದಿನ ಇಲ್ಲಾ ಆ ವಾರದಾಗ ಮಾಡಿದ್ದು ಇರ್ತಾವು, ಟೈರ್ ಸವದ ಮ್ಯಾಲೆ ಯಾರೂ ವಿಡಿಯೋ ಮಾಡೂದಿಲ್ಲ.

ಬರ್ತಾ ಬರ್ತಾ ಹೈವೇ ಮ್ಯಾಲೆ ಬ್ಯಾರೆ ಅನಸಾಕ ಶುರುವಾತು. ಅಲಿ ಬಂದಲ್ಲಿ ಗಾಡಿ ಒಮ್ಮೆ ಎದ್ದು ಕುಂದ್ರೂ ಬದಲಿ ಚೆಂಡು ಪುಟದಂಗ ಎರಡು ಮೂರು ಸಲ ಪುಟಿಯೂದು. ಸ್ಟೇರಿಂಗ್ ಎಡಕ್ಕ ಜಗ್ಗೂದು. ಒಂದಿನ ಅವ್ವನ್ನ ಕರ್ಕೊಂಡು ಬರೋವಾಗ ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಕಡೆ ಒಂದು ಸೇತುವಿ ಹತ್ರ ಡಾಂಬರ್ ಸ್ವಲ್ಪ ಕುಂತಿತ್ತು, ಅಲ್ಲಿ ಹಿಂದಿನ ಗಾಲಿ ಎದ್ದಿದ್ದು ಎದ್ದಂಗ ಗಾಡಿ ಹಿಂಭಾಗ ಪಕ್ಕಕ್ಕ ಸರೀತು, ಮುಂದ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಕೊಂಡು ಹೊಂಟಿತ್ತು, ಅಣ್ಣ ಸ್ಪೀಡ್ ಕಡಿಮಿ ಇಟ್ಟಿದ್ದಕ್ಕ ಸಾವರಿಸಿಕೊಂಡ. ಅವ್ವ ಅವತ್ತಿಂದ ನಡಾ ಹಿಡ್ಕೊಂಡು, ಈ ಗಾಡ್ಯಾಗ ನಾ ಬರೂದಿಲ್ಲಪಾ ಅಂದ್ಲು.

ಮರುದಿನ ಧಾರವಾಡದಾಗ ನಮಗ ಗೊತ್ತಿರೋ ಹಳೇ ಮೆಕ್ಯಾನಿಕ್ ಒಬ್ಬರ ಹತ್ರ ಒಯ್ದ್ವಿ, ಕಾಕಾ ಅಂತೀವಿ ಅವರನ್ನ. ಗಾಡಿ ಎತ್ತಿ ನಾಲ್ಕೂ ಗಾಲಿ ಬಿಚ್ಚಿದ್ರು, ಬ್ಯಾಟರಿ ಹಿಡಕೋ ತಮ್ಮಾ ಅಂತ ನನ್ನ ಕೈಯಾಗ ಕೊಟ್ರು. ಹಿಂದಿನ ಶಾಕಬ್ಸರಿನ ಕೊಳವಿ ತಳಕ್ಕ, ಕರಿ ಬಣ್ಣದ ಕೆಳಗ ಕಡ್ಲಿ ಕಾಳಿನಷ್ಟು ಒಂದು ಗಂಟು ಇತ್ತು. ಉಗುರಿಲೆ ಕೆರದ್ರ ಬಣ್ಣ ಎದ್ದು ಬಂತು, ಒಳಗ ವೆಲ್ಡಿಂಗ್ ಚುಕ್ಕಿ. ಹಳೇ ಶಾಕಬ್ಸರ್ ತಗೊಂಡು ತೂತು ಕೊರದು, ಎಣ್ಣಿ ತುಂಬಿಸಿ, ವೆಲ್ಡ್ ಮಾಡಿ, ಬಣ್ಣ ಬಳದು ಹೊಸಾದು ಅಂತ ಕೊಟ್ಟಿದ್ರು. ಎಣ್ಣಿ ತುಂಬಿದ್ರ ಒಳಗಿನ ಸವದ ವಾಲ್ವ್, ಸೀಲ್ ಹೊಸಾವು ಆಗ್ತಾವೇನ್ರಿ? ಒಂದರಾಗ ಆಗಲೇ ಸೀಲ್ ಸೋರಿ ಧೂಳು ಎಣ್ಣಿಗೆ ಹತ್ತಿ ಕೆಸರಾಗಿತ್ತು. ಗ್ಯಾಸ್ ಅಂತೂ ಇರಲೇ ಇಲ್ಲ.

ಮುಂದಿನದ್ದು ಇನ್ನೂ ಕೆಟ್ಟಿತ್ತು. ಸ್ಟ್ರಟ್ ಮ್ಯಾಲೆ ಸ್ಪೇಸರ್ ಹಾಕಿದ್ರ ಪೂರಾ ಸ್ಟ್ರಟ್ಟ ಅಷ್ಟು ಕೆಳಗ ಇಳೀತೈತಿ, ತಗ್ಗಿನಾಗ ಗಾಲಿ ಜೋತು ಬಿದ್ದಾಗ ಡ್ರೈವ್ ಆಕ್ಸಲ್ (ಇಂಜಿನ್ ಜೋರನ್ನ ಗಾಲಿಗೆ ಮುಟ್ಟಸೋ ರಾಡು) ಕಂಪನಿ ಇಟ್ಟ ಅಳತಿಗಿಂತ ಜಾಸ್ತಿ ಬಾಗಬೇಕಾಗ್ತೈತಿ. ಎಡಗಡೆ ಆಕ್ಸಲ್ ಬೂಟಿನ (ಗ್ರೀಸ್ ಹಿಡದಿಡೋ ರಬ್ಬರ್ ಹೊದಿಕಿ) ಮಡಿಕಿ ಹರದು ಗ್ರೀಸ್ ಎಲ್ಲಾ ರಿಮ್ಮಿನ ಒಳಮೈಗೆ ಸಿಡದಿತ್ತು. ಮುಂದಿನ ಟೈರ್ ಹೊರಗಿಂದ ನೋಡಿದ್ರ ಹೊಸಾದು, ಕೈ ಹಾಕಿ ಒಳಗಿನ ಅಂಚು ಮುಟ್ಟಿದ್ರ ಬೋಳು, ಯಾಕಂದ್ರ ಎತ್ತರ ಬದಲಾದಾಗ ಸ್ಟೇರಿಂಗ್ ರಾಡಿನ ಓರಿ ಬದಲಾಗಿ ಟೋ (ಮುಂದಿನ ಗಾಲಿ ಒಳಗ ಇಲ್ಲಾ ಹೊರಗ ಮುಖ ಮಾಡಿರೋ ಕೋನ) ತಪ್ಪತೈತಿ, ಅವರು ಅಲೈನ್ಮೆಂಟ್ ಮಾಡಿಸೇ ಇರಲಿಲ್ಲ. ಸ್ವಿಫ್ಟ್, ಐ10 ತರದ ಗಾಡಿಯೊಳಗ ಅಲೈನ್ಮೆಂಟ್ ಅಂದ್ರ ಮುಂದಿನ ಟೋ ಅಷ್ಟ ತಿರುವಾಕ ಬರ್ತೈತಿ, ಕ್ಯಾಂಬರ್ (ಗಾಲಿ ತಲಿ ಒಳಗ ಇಲ್ಲಾ ಹೊರಗ ವಾಲೋ ಕೋನ) ತಿದ್ದಾಕ ಕಂಪನಿ ಜಾಗಾನ ಕೊಟ್ಟಿರೂದಿಲ್ಲ, ಹಿಂದ ಟಾರ್ಷನ್ ಬೀಮ್ (ಎರಡೂ ಹಿಂದಿನ ಗಾಲಿ ಕೂಡಸೋ ಒಂದ ತೊಲಿ) ಇರೋದ್ರಿಂದ ಅಲ್ಲೂ ಏನೂ ತಿರುವಾಕ ಬರೂದಿಲ್ಲ.

ಈಗ ಬಫರ್ ಮಾತು. ಆನ್‌ಲೈನ್‌ನಾಗ, ಆಕ್ಸೆಸರಿ ಅಂಗಡ್ಯಾಗ ಎಲ್ಲಾ ಕಡೆ ಸಿಗ್ತಾವು, ಸಾವಿರ ಎರಡು ಸಾವಿರಕ್ಕ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚಾಗ್ತೈತಿ ಅಂತ ಮಾರ್ತಾರ. ಅದು ಸ್ಪ್ರಿಂಗಿನ ಎರಡು ಸುತ್ತು ಒಂದಕ್ಕೊಂದು ಹತ್ರ ಬರದಂಗ ತಡೀತೈತಿ. ಹಂಗಂದ್ರ ಕೆಲಸ ಮಾಡೋ ಸುತ್ತು ಕಡಿಮಿ ಆದ್ವು, ಸ್ಪ್ರಿಂಗ್ ಬಿರುಸಾತು, ಉಳದ ಸುತ್ತಿನ ಮ್ಯಾಲೆ ಭಾರ ಹೆಚ್ಚು ಬಿತ್ತು. ನಮ್ಮ ಸ್ಪ್ರಿಂಗ್ ತಗದಾಗ ರಬ್ಬರಿನ ಅಂಚು ತಾಗೋ ಕಡೆ ಬಣ್ಣ ಪೂರಾ ಸವದು ಸಣ್ಣ ಗೆರಿ ಹಂಗ ಜಂಗು ಹಿಡದಿತ್ತು, ನಡುವ ಎರಿ ಮಣ್ಣು ಹೆಪ್ಪುಗಟ್ಟಿ ಕುಂತಿತ್ತು. ಸ್ಪ್ರಿಂಗ್ ಮುರಿಯೋದು ಇಂಥಾ ಜಂಗಿನ ಗೆರ್ಯಾಗ ಅಂತ ಕಾಕಾ ತೋರಿಸಿದ್ರು. ಭಾರ ಹೊರೂದು ಸ್ಪ್ರಿಂಗ್ ಕೆಲಸ, ಕುಣಿತ ನಿಲ್ಲಸೂದು ಶಾಕಬ್ಸರ್ ಕೆಲಸ. ಸ್ಪ್ರಿಂಗ್ ಬಿರುಸು ಮಾಡಿದ್ರ ಅದು ವಾಪಸ್ ಒದಿಯೋ ಜೋರನ್ನ ಹಿಡಿಯಾಕ ಶಾಕಬ್ಸರೂ ಅದಕ್ಕ ತಕ್ಕಂಗ ಗಟ್ಟಿ ಇರಬೇಕು. ಇವರು ಸ್ಪ್ರಿಂಗ್ ಬಿರುಸು ಮಾಡಿ ಶಾಕಬ್ಸರ್ ಸತ್ತದ್ದು ಹಾಕಿದ್ರು, ಅದಕ್ಕ ಗಾಡಿ ಪುಟೀತಿತ್ತು. ಗ್ಯಾಸ್ ಶಾಕಬ್ಸರ್ ಬಗ್ಗೆನೂ ತಪ್ಪು ತಿಳುವಳಿಕಿ ಬಾಳ ಐತಿ, ಒಳಗಿನ ನೈಟ್ರೋಜನ್ ಇರೋದು ಎಣ್ಣಿ ನೊರಿ ಆಗದಂಗ ತಡಿಯಾಕ, ಗಾಡಿ ಎತ್ತರ ಮಾಡಾಕಲ್ಲ.

ಸಣ್ಣ ಗಾಡಿಗೆ ಇದು ಯಾಕ ಜಾಸ್ತಿ ಹೊಡೀತೈತಿ ಅಂದ್ರ, ಸ್ವಿಫ್ಟ್ ಪೆಟ್ರೋಲ್ ಖಾಲಿ ತೂಕ ಒಂದು ಟನ್ನಿನ ಒಳಗ ಐತಿ. ಅದರಾಗ ಐದು ಮಂದಿ, ಸಾಮಾನ ಅಂದ್ರ 350 ಕೆಜಿ ಮ್ಯಾಲೆ, ಗಾಡಿ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಒಬ್ಬರ ಹೋಗೋವಾಗ್ಲೂ ಐದು ಮಂದಿ ಹೋಗೋವಾಗ್ಲೂ ಒಂದ ಸ್ಪ್ರಿಂಗ್ ನಡೀಬೇಕು. ತುಂಬಿದ ಗಾಡಿಗೆ ಸರಿ ಆಗೋ ಹಂಗ ಬಿರುಸು ಮಾಡಿದ್ರಿ ಅಂದ್ರ ಖಾಲಿ ಗಾಡಿ ಜಿಗೀತೈತಿ.

ಮತ್ತ ಆ ಕಟ್ ಕಟ್ ಸಪ್ಪಳ? ಎಡಗಡೆ ಲಿಂಕ್ ರಾಡ್ (ಗಾಡಿ ವಾಲದಂಗ ತಡಿಯೋ ಸರಳಿಗೆ ಜೋಡಸೋ ಸಣ್ಣ ರಾಡು) ಸವದಿತ್ತು, ಲೋವರ್ ಆರ್ಮ್ ಬುಶ್ (ಗಾಲಿ ಹಿಡಿಯೋ ಕೆಳಗಿನ ತೋಳಿನ ಕೀಲಿನ ರಬ್ಬರ್) ಸೀಳಿತ್ತು, ಅಷ್ಟ. ಕಾಕಾ ಎರಡೂ ಕಡೆ ಲಿಂಕ್ ರಾಡ್, ಲೋವರ್ ಆರ್ಮ್ ಬುಶ್, ಸ್ಟ್ರಟ್ ಮೌಂಟ್, ಬಂಪ್ ಸ್ಟಾಪ್ ಬದಲಿ ಮಾಡಿದ್ರು, ನಾಲ್ಕೂ ಶಾಕಬ್ಸರ್ ಮತ್ತ ಹಿಂದಿನ ಸ್ಪ್ರಿಂಗ್ ಜೋಡಿ ಕಂಪನಿ ಅಳತಿದ್ದು ಹಾಕಿದ್ರು, ಸ್ಪೇಸರ್ ಬಫರ್ ಕಿತ್ತು ಒಗದ್ರು. ತಳ ತಾಗೂದು ಹಿಂದಿನ ಸ್ಪ್ರಿಂಗ್ ಹೊಸಾದು ಹಾಕಿದ ಮ್ಯಾಲೆ ತಾನಾಗೇ ನಿಂತಿತು. ಒಂದು ವಿಷಯ ಅವರ ಹತ್ರ ಕಲತದ್ದು, ಇದನ್ನ ಎಲ್ಲಾರೂ ಕೇಳಿ ಮಾಡಿಸ್ಕೋರಿ: ಲೋವರ್ ಆರ್ಮಿನ ಬೋಲ್ಟನ್ನ ಗಾಡಿ ಜಾಕಿ ಮ್ಯಾಲೆ ಇದ್ದಾಗ ಪೂರಾ ಬಿಗಿ ಮಾಡಬಾರದು. ಗಾಲಿ ಜೋತಾಡೋವಾಗ ಬಿಗಿ ಮಾಡಿದ್ರ ನೆಲಕ್ಕ ಇಳಿಸಿದ ಕೂಡ್ಲೇ ಬುಶ್ಶಿನ ರಬ್ಬರ್ ತಿರುಚಿಕೊಂಡ ನಿಲ್ತೈತಿ, ಬಾಳ ದಿನ ತಾಳೂದಿಲ್ಲ, ಆಮ್ಯಾಲೆ ಲೋಕಲ್ ಬುಶ್ ಹಿಂಗ ಅಂತ ಸಾಮಾನಿಗೆ ಬೈತೀವಿ. ಮೊದಲ ಸಡ್ಲ ಇಟ್ಟು, ಭಾರ ಗಾಲಿ ಮ್ಯಾಲೆ ಬಿದ್ದ ಮ್ಯಾಲೆ ಕೊನೀ ಬಿಗಿ ಕೊಡಬೇಕು.

ಕೈಯಾಗ ರೊಕ್ಕ ಕಡಿಮಿ ಐತಿ ಅಂದ್ರ ಮೊದಲ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್ ನೋಡಿಸ್ರಿ, ಆಮ್ಯಾಲೆ ಶಾಕಬ್ಸರ್, ಅದೂ ಮುಂದಿನ ಜೋಡಿ ಇಲ್ಲಾ ಹಿಂದಿನ ಜೋಡಿ, ಒಂದ ಕಡೆದ್ದು ಬ್ಯಾಡ. ಟೈರ್ ಹವಾ ಡ್ರೈವರ್ ಬಾಗಲದ ಹತ್ರ ಇರೋ ಸ್ಟಿಕ್ಕರಿನ ಪ್ರಕಾರ ಇಡ್ರಿ, ಬಂಕಿನಾಗ ಕೇಳದನ 40 ಪಿಎಸ್‌ಐ ಹಾಕಿಬಿಡ್ತಾರ, ಅದರಿಂದನೂ ಗಾಡಿ ಬಿರುಸಾಗ್ತೈತಿ. ಗಾಡಿ ಕೆಳಗ ಇಳಸೋ ಲೋವರಿಂಗ್ ಸ್ಪ್ರಿಂಗ್ ನಮ್ಮ ಹಳ್ಳಿ ಹಂಪಿಗೆ ಮೊದಲ ಆಗೂದಿಲ್ಲ. ಇದ್ದ ಸ್ಪ್ರಿಂಗ್ ಕಟ್ ಮಾಡಿ ಕೊಡ್ತೀವಿ ಅನ್ನೋರ ಹತ್ರ ಅಂತೂ ನಿಲ್ಲಬ್ಯಾಡ್ರಿ, ತಗ್ಗಿನಾಗ ಗಾಲಿ ಪೂರ್ತಿ ಇಳದಾಗ ತುಂಡು ಮಾಡಿದ ಸ್ಪ್ರಿಂಗ್ ತನ್ನ ಕುಂದ್ರೋ ಜಾಗಾ ಬಿಟ್ಟು ಸರದುಬಿಡ್ತೈತಿ. ಕಾನೂನೂ ಐತಿ, 2019ರಾಗ ಮೋಟಾರ್ ವಾಹನ ಕಾಯ್ದೆ ತಿದ್ದುಪಡಿ ಆದಾಗಿಂದ ಒಪ್ಪಿಗಿ ಇಲ್ಲದ ಬದಲಾವಣೆಗೆ ಮಾಲಕರಿಗೆ ಒಂದೊಂದಕ್ಕ 5,000 ರೂಪಾಯಿ ದಂಡ ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಇನ್ಶೂರೆನ್ಸ್‌ನವರಿಗೆ ಹೇಳದ ಬದಲಾವಣೆ ಕ್ಲೇಮ್ ಟೈಮಿನಾಗ ತಂಟೆ ತರ್ತೈತಿ.

ಅಂಗಡಿಯವರನ್ನ ಕೇಳಾಕ ಹೋದ್ರ, ನಿಮ್ಮ ಹಳೇ ಸಾಮಾನ ಸ್ಕ್ರ್ಯಾಪಿಗೆ ಹೋತು, ನಾವು ಹೊಸಾದ ಹಾಕೀವಿ ಅಂತ ವಾದ. ಕೊಟ್ಟ ಚೀಟ್ಯಾಗ ಸಸ್ಪೆನ್ಷನ್ ಕೆಲಸ 16,000 ಅಂತಷ್ಟ ಐತಿ, ಸಾಮಾನಿನ ಹೆಸರಿಲ್ಲ, ಪಾರ್ಟ್ ನಂಬರ್ ಇಲ್ಲ. ಅದಕ್ಕ ಗಾಡಿ ಬಿಡೋವಾಗ್ಲೇ, ಬಿಚ್ಚಿದ ಹಳೇ ಸಾಮಾನ ಎಲ್ಲಾ ಡಿಕ್ಕಿಯೊಳಗ ಹಾಕಿ ಕೊಡ್ರಿ ಅಂತ ಹೇಳ್ರಿ, ಹೊಸಾ ಸಾಮಾನಿನ ಡಬ್ಬಿ ನಿಮ್ಮ ಮುಂದನ ಒಡೀಲಿ, ಬಿಲ್ಲಿನಾಗ ಪಾರ್ಟ್ ನಂಬರ್ ಬರಸ್ರಿ, ಅಲೈನ್ಮೆಂಟ್ ಆದ ಪ್ರಿಂಟ್ ತಗೋರಿ. ಅಣ್ಣ ಆ ಚೀಟಿ ಇಟ್ಕೊಂಡ 1915ಕ್ಕ ಫೋನ್ ಹಚ್ಚಿ ಗ್ರಾಹಕರ ಸಹಾಯವಾಣಿಯೊಳಗ ದೂರು ಬರಸ್ಯಾನ. ಅಲ್ಲಿ ಬಗೆಹರೀಲಿಲ್ಲ ಅಂದ್ರ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ ಐತಿ, ಕೊಟ್ಟ ರೊಕ್ಕ 5 ಲಕ್ಷದೊಳಗ ಇದ್ರ ಫೀ ಇಲ್ಲ, ಎರಡು ವರ್ಷದೊಳಗ ಹಾಕಬೇಕು. ವೆಲ್ಡಿಂಗ್ ಚುಕ್ಕಿ ಇರೋ ಆ ಶಾಕಬ್ಸರ್ ಸಾಕ್ಷಿಗೆ ಅಂತ ಮನ್ಯಾಗ ಚೀಲದಾಗ ಕಟ್ಟಿ ಇಟ್ಟೀವಿ, ನಿಮ್ಮ ಗಾಡಿಗೆ ಹಾಕಿದ್ದು ಹೊಸಾದೋ ತುಂಬಿದ್ದೋ ಅಂತ ಹೋಲಿಸಿ ನೋಡೋರಿದ್ರ ಕೇಳ್ರಿ, ಫೋಟೋ ಕಳಸ್ತೀನಿ.