ಡಾಕ್ಯುಮೆಂಟರಿ ತುಂಬಿದ ಹಾರ್ಡ್ ಡಿಸ್ಕ್ ಮತ್ತು ಜೆಲ್ಲಿಫಿನ್

ಡಾಕ್ಯುಮೆಂಟರಿ ನೋಡುವ ಹುಚ್ಚಿರುವ ಮನೆಗೆ ಜೆಲ್ಲಿಫಿನ್ ತುಂಬಾ ಒಳ್ಳೆಯ ಸಾಫ್ಟ್‌ವೇರ್. ಒಂದು ಕಂಪ್ಯೂಟರಿನಲ್ಲಿರುವ ನಮ್ಮ ವಿಡಿಯೋಗಳನ್ನು ಮನೆಯ ಟಿವಿ, ಫೋನುಗಳಲ್ಲಿ ನೋಡುವ ಹಾಗೆ ಜೋಡಿಸಿಕೊಡುತ್ತದೆ. ದುಡ್ಡು ಕೊಡಬೇಕಿಲ್ಲ, ಯಾವ ಕಂಪನಿಯಲ್ಲೂ ಅಕೌಂಟ್ ತೆರೆಯಬೇಕಿಲ್ಲ. 2018ರ ಕೊನೆಯಲ್ಲಿ ಎಂಬಿ (Emby) ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಎಲ್ಲರಿಗೂ ತೆರೆದಿಟ್ಟಿದ್ದ ತನ್ನ ಕೋಡನ್ನು ಮುಚ್ಚಿಕೊಂಡಾಗ, ಅದು ಇಷ್ಟವಾಗದವರು ಹಳೆಯ ಕೋಡ್ ಹಿಡಿದುಕೊಂಡು ಬೇರೆಯಾಗಿ ಕಟ್ಟಿದ್ದು ಇದು. ಇವತ್ತಿಗೂ ಎಲ್ಲರಿಗೂ ಮುಕ್ತ. ಆದರೆ ಫೈಲುಗಳನ್ನೆಲ್ಲ ಸುಮ್ನೆ ಒಂದು ಫೋಲ್ಡರಿಗೆ ಸುರಿದು "ನೀನೇ ಜೋಡಿಸಿಕೋ" ಅಂದರೆ ಆಗುವುದಿಲ್ಲ. ಹೆಚ್ಚಿನವರು ಬೇಸರಪಟ್ಟು ಬಿಟ್ಟುಬಿಡುವುದು ಇಲ್ಲೇ. ಅದಕ್ಕೇ ಈ ವಿಮರ್ಶೆಯಲ್ಲಿ ಫೋಲ್ಡರಿನ ಮಾತೇ ಜಾಸ್ತಿ.

ನಾವಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ನನ್ನ ಕೆಲಸ ಕಾಲೇಜಿನ ಲೈಬ್ರರಿಯಲ್ಲಿ. ಮುಂಬೈಯಲ್ಲಿ ಡಾಕ್ಯುಮೆಂಟರಿ ರುಚಿ ಹತ್ತುವುದು ಕಷ್ಟವೇನಲ್ಲ. 1948ರಲ್ಲಿ ಶುರುವಾದ, ಸರ್ಕಾರಕ್ಕಾಗಿ ಡಾಕ್ಯುಮೆಂಟರಿ ಮಾಡುತ್ತಿದ್ದ ಫಿಲ್ಮ್ಸ್ ಡಿವಿಷನ್ ಇದ್ದದ್ದು ಇಲ್ಲೇ ಪೆಡ್ಡರ್ ರಸ್ತೆಯಲ್ಲಿ (2022ರಲ್ಲಿ ಅದನ್ನು ಸರ್ಕಾರದ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿಗೆ ಸೇರಿಸಿದರು). ಡಾಕ್ಯುಮೆಂಟರಿ, ಕಿರುಚಿತ್ರಗಳ ಅಂತರರಾಷ್ಟ್ರೀಯ ಉತ್ಸವ 1990ರಿಂದ ಇದೇ ಊರಲ್ಲಿ ನಡೆಯುತ್ತಿದೆ. ನಮ್ಮ ಮನೆಯ ಡಿಸ್ಕಿನಲ್ಲಿ ಹಳೆಯ ಡಿವಿಡಿಗಳಿಂದ ಇಳಿಸಿಕೊಂಡ ಚಿತ್ರಗಳಿವೆ, ಕಾಡು-ಕಡಲಿನ ಸರಣಿಗಳಿವೆ, ನಮ್ಮ ಮಾವ ಊರಲ್ಲೂ ಇಲ್ಲೂ ಹಿಡಿದ ಯಕ್ಷಗಾನದ ವಿಡಿಯೋಗಳಿವೆ. ಸರ್ವರ್ ಅಂದರೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್. ಅಷ್ಟು ಸಾಕು.

ಮೊದಲ ತೊಡಕು: ಜೆಲ್ಲಿಫಿನ್‌ನಲ್ಲಿ ಲೈಬ್ರರಿ ಮಾಡುವಾಗ ಅದರ ಬಗೆ ಯಾವುದು ಅಂತ ಹೇಳಬೇಕು. ಮೂವೀಸ್ ಇದೆ, ಶೋಸ್ ಇದೆ, ಮ್ಯೂಸಿಕ್ ಇದೆ. ಡಾಕ್ಯುಮೆಂಟರಿ ಅಂತ ಒಂದು ಬಗೆಯೇ ಇಲ್ಲ. ಸಿನಿಮಾ, ಶೋ ಎರಡನ್ನೂ ಒಟ್ಟಿಗೆ ಹಾಕುವ ಮಿಶ್ರ ಬಗೆ ಇದೆಯಲ್ಲ ಅಂತ ಆಸೆಯಾಗುತ್ತದೆ. ಬೇಡ. ಯಾವುದು ಸಿನಿಮಾ, ಯಾವುದು ಕಂತು ಅನ್ನುವ ಗೊಂದಲ ಅಲ್ಲಿಂದಲೇ ಶುರು. ಎರಡು ಲೈಬ್ರರಿ ಮಾಡಿ. ಬಿಡಿ ಡಾಕ್ಯುಮೆಂಟರಿಗಳಿಗೆ ಮೂವೀಸ್ ಬಗೆಯದು ಒಂದು, ಸರಣಿಗಳಿಗೆ ಶೋಸ್ ಬಗೆಯದು ಇನ್ನೊಂದು. ಮನೆಯ ಮಾಮೂಲಿ ಸಿನಿಮಾಗಳಿಗೆ ಬೇರೆಯೇ ಇರಲಿ. ಹೀಗೆ ಮಾಡಿದರೆ ಯಾರಿಗೆ ಯಾವುದು ಕಾಣಬೇಕು ಅಂತ ಪ್ರತಿ ಯೂಸರಿಗೂ ಬೇರೆ ಬೇರೆ ಹೊಂದಿಸಬಹುದು. ಮಾವನ ಅಕೌಂಟ್ ತೆರೆದರೆ ಡಾಕ್ಯುಮೆಂಟರಿ ಮತ್ತು ಯಕ್ಷಗಾನ, ಅಷ್ಟೇ. ಅವರಿಗೆ ಅದೇ ಬೇಕಿದ್ದದ್ದು.

ಇನ್ನು ಫೋಲ್ಡರ್. ಪ್ರಾಣಿ, ಇತಿಹಾಸ, ವಿಜ್ಞಾನ, ಕರ್ನಾಟಕ ಅಂತ ವಿಷಯಕ್ಕೊಂದು ಫೋಲ್ಡರ್ ಮಾಡಬೇಕು ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಲೈಬ್ರರಿಯಲ್ಲಿ ಒಂದು ಪುಸ್ತಕ ಒಂದೇ ಕಪಾಟಿನಲ್ಲಿ ಇರಬಹುದು, ಅದರ ಕಾರ್ಡು ಮಾತ್ರ ನಾಲ್ಕು ವಿಷಯದ ಕೆಳಗೂ ಇರಬಹುದು. ಪಶ್ಚಿಮ ಘಟ್ಟದ ಹುಲಿಯ ಚಿತ್ರ ಪ್ರಾಣಿಯದೋ, ಕಾಡಿನದೋ, ಕರ್ನಾಟಕದ್ದೋ? ಮೂರೂ ಹೌದು ಅಲ್ವಾ? ಡಿಸ್ಕಿನ ಮೇಲೆ ಹೆಸರು ಮತ್ತು ವರ್ಷ ಮಾತ್ರ ಇರಲಿ. ವಿಷಯವನ್ನೆಲ್ಲ ಜೆಲ್ಲಿಫಿನ್ ಒಳಗೆ ಟ್ಯಾಗ್ ಆಗಿ ಬರೆಯಿರಿ.

ವರ್ಷ ಯಾಕೆ ಬೇಕು ಅನ್ನುವುದಕ್ಕೆ 'ಕಾಸ್ಮಾಸ್' ಅನ್ನುವ ವಿಜ್ಞಾನದ ಸರಣಿ ನೋಡಿ. 1980ರಲ್ಲಿ ಬಂದದ್ದು ಒಂದು, 2014ರಲ್ಲಿ ಬಂದದ್ದು ಇನ್ನೊಂದು. ಎರಡಕ್ಕೂ ಹದಿಮೂರೇ ಕಂತು. ಬರೀ ಹೆಸರು ಕೊಟ್ಟರೆ ಒಂದರ ಪೋಸ್ಟರ್ ಇನ್ನೊಂದಕ್ಕೆ ಬಂದು ಕೂರಬಹುದು. ಅದಕ್ಕೆ ಫೋಲ್ಡರಿನ ಹೆಸರು 'ಕಾಸ್ಮಾಸ್ (1980)'. ಅದರೊಳಗೆ 'ಸೀಸನ್ 01'. ಅದರೊಳಗಿನ ಫೈಲುಗಳ ಹೆಸರಲ್ಲಿ ಎಸ್01ಇ01, ಎಸ್01ಇ02 ಹೀಗೆ. ಇದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಇಷ್ಟಾದ ಮೇಲೂ ಅನುಮಾನವಿದ್ದರೆ ಸಿನಿಮಾ, ಸರಣಿಗಳ ಮಾಹಿತಿ ಕೂಡಿಡುವ ಟಿಎಂಡಿಬಿ (TMDB) ತಾಣದಲ್ಲಿರುವ ಅದರ ನಂಬರನ್ನು ಚೌಕ ಕಂಸದಲ್ಲಿ, [tmdbid-ನಂಬರ್] ಅಂತ, ಫೋಲ್ಡರಿನ ಹೆಸರಿಗೇ ಸೇರಿಸಬಹುದು. ಆಮೇಲೆ ತಪ್ಪಾಗುವ ಮಾತೇ ಇಲ್ಲ. ಸೀಸನ್‌ಗೆ ಸೇರದ ವಿಶೇಷ ಕಂತುಗಳು 'ಸೀಸನ್ 00'ಗೆ ಹೋಗುತ್ತವೆ.

ಡಾಕ್ಯುಮೆಂಟರಿಗೇ ಅಂಟಿಕೊಂಡ ಇನ್ನೊಂದು ತಲೆನೋವಿದೆ. ಬಿಬಿಸಿಯ 'ಹೊರೈಜನ್' 1964ರಿಂದ ಶುರುವಾದದ್ದು. ಅದರಲ್ಲಿ ಒಂದೊಂದು ಕಂತೂ ಒಂದೊಂದು ಪೂರ್ತಿ ಚಿತ್ರ. ನಿಮ್ಮ ಹತ್ತಿರ ಅದರಲ್ಲಿ ಒಂದೇ ಇದ್ದರೆ ಅದು ಬಿಡಿ ಚಿತ್ರವೋ, ಸರಣಿಯ ಕಂತೋ? ಇಂಥದ್ದಕ್ಕೆ ಊಹೆ ಮಾಡಬೇಡಿ. ಟಿಎಂಡಿಬಿಯಲ್ಲಿ ಮೊದಲು ಹುಡುಕಿ. ಅಲ್ಲಿ ಸಿನಿಮಾ ಅಂತ ಇದ್ದರೆ ಮೂವೀಸ್‌ಗೆ ಹಾಕಿ, ಕಂತು ಅಂತ ಇದ್ದರೆ ಅಲ್ಲಿರುವ ನಂಬರನ್ನೇ ಕೊಟ್ಟು ಶೋಸ್‌ಗೆ ಹಾಕಿ. ಮಾಹಿತಿ ಬರುವುದು ಅಲ್ಲಿಂದಲೇ ಆದ್ದರಿಂದ ಅವರ ಲೆಕ್ಕಕ್ಕೆ ಒಗ್ಗಿಕೊಳ್ಳುವುದೇ ಸುಲಭ.

ಅಲ್ಲಿ ಏನೂ ಸಿಗದ ಚಿತ್ರಗಳೂ ಇರುತ್ತವೆ. ಹಳೆಯ ಸರ್ಕಾರಿ ಕಿರುಚಿತ್ರ, ಸಂಘಸಂಸ್ಥೆಗಳು ಮಾಡಿಸಿದ್ದು, ಸಾಹಿತಿಗಳ ಮೇಲಿನವು. ನಮಗೆ ಮುಖ್ಯವಾದದ್ದು ಇವೇ. ಇಲ್ಲಿ ಜೆಲ್ಲಿಫಿನ್ ನನಗೆ ನಿಜಕ್ಕೂ ಇಷ್ಟವಾಯಿತು. ಮೂರು ಚುಕ್ಕಿ ಒತ್ತಿ ಎಡಿಟ್ ತೆರೆದರೆ ಹೆಸರು, ವರ್ಷ, ನಿರ್ದೇಶಕರು, ನಾಲ್ಕು ಸಾಲಿನ ವಿವರ, ಟ್ಯಾಗು ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು. ಬರೆದ ಮೇಲೆ ಲಾಕ್ ಮಾಡಿ. ಇಲ್ಲದಿದ್ದರೆ ಮುಂದೊಂದು ದಿನ ಮಾಹಿತಿ ರಿಫ್ರೆಶ್ ಆದಾಗ ಬರೆದದ್ದು ಅಳಿಸಿಹೋಗಬಹುದು. ಟಿಎಂಡಿಬಿಗೆ ಯಾರು ಬೇಕಾದರೂ ಮಾಹಿತಿ ಸೇರಿಸಬಹುದು. ಕನ್ನಡದವರು ನಮ್ಮ ಚಿತ್ರಗಳನ್ನು ಅಲ್ಲಿ ಸೇರಿಸುತ್ತಾ ಹೋದರೆ ಎಷ್ಟು ಚೆನ್ನ!

ಮಾವನ ಯಕ್ಷಗಾನದ ವಿಡಿಯೋಗಳಿಗೆ ಮಾತ್ರ ನಿಯಮ ಬೇರೆ. ಅವು ಹೋಂ ವಿಡಿಯೋಸ್ ಬಗೆಯ ಲೈಬ್ರರಿಯಲ್ಲಿವೆ. ಅಲ್ಲಿ ಜೆಲ್ಲಿಫಿನ್ ಹೊರಗಿನ ಮಾಹಿತಿ ಹುಡುಕುವುದಿಲ್ಲ, ಡಿಸ್ಕಿನಲ್ಲಿದ್ದ ಫೋಲ್ಡರುಗಳನ್ನೇ ತೋರಿಸುತ್ತದೆ. ಹಾಗಾಗಿ ವರ್ಷ, ಊರು, ಪ್ರಸಂಗ ಅಂತ ಒಂದರೊಳಗೊಂದು ಫೋಲ್ಡರ್ ಮಾಡಿದ್ದೇವೆ. ಹೆಸರು ಕೊಟ್ಟದ್ದೆಲ್ಲ ಮಾವನೇ. ಯಾವ ಆಟದಲ್ಲಿ ಯಾರ ಭಾಗವತಿಕೆ ಅನ್ನುವುದು ಮನೆಯಲ್ಲಿ ಅವರೊಬ್ಬರಿಗೇ ಗೊತ್ತು. ಇಂಥ ವಿಡಿಯೋ ಇರುವವರು ಗೊತ್ತಿರುವ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈಗಲೇ ಹೆಸರು ಬರೆಸಿಬಿಡಿ.

ಸಬ್‌ಟೈಟಲ್ ಫೈಲಿಗೆ ಚಿತ್ರದ ಹೆಸರನ್ನೇ ಕೊಟ್ಟು ಕೊನೆಗೆ ಭಾಷೆಯ ಎರಡಕ್ಷರ ಸೇರಿಸಿದರೆ, ಕನ್ನಡಕ್ಕೆ ಕೆ-ಎನ್, ತಾನಾಗೇ ಗುರುತಿಸುತ್ತದೆ. ನಮ್ಮ ಹಳೆ ಟಿವಿಯಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ಅದು ಟಿವಿಯ ಫಾಂಟಿನ ಸಮಸ್ಯೆ. ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿದ ಮೇಲೆ ಸರಿಹೋಯಿತು.

ಕೊನೆಗೊಂದು ಕೊರತೆ, ಮೊದಲೇ ತಿಳಿದಿದ್ದರೆ ಒಳ್ಳೆಯದು. ಟ್ಯಾಗಿನ ಜೊತೆಗೆ ಕಲೆಕ್ಷನ್ ಅಂತಲೂ ಇದೆ. ಬಿಡಿ ಚಿತ್ರ, ಸರಣಿ ಎರಡನ್ನೂ ಒಂದೇ ಕಲೆಕ್ಷನ್‌ಗೆ ಸೇರಿಸಬಹುದು. ರಿಮೋಟ್ ಹಿಡಿದು ನೋಡುವವರಿಗೆ ಅದೇ ಅನುಕೂಲ. ಆದರೆ ಟ್ಯಾಗು ಉಳಿಯುವ ಜಾಗ ಬೇರೆ, ಕಲೆಕ್ಷನ್ ಉಳಿಯುವ ಜಾಗ ಬೇರೆ. ಲೈಬ್ರರಿಯ ಸೆಟ್ಟಿಂಗಿನಲ್ಲಿ ಎನ್‌ಎಫ್‌ಒ ಉಳಿಸುವ ಆಯ್ಕೆ ಹಾಕಿದ್ದರೆ ವಿವರ, ಟ್ಯಾಗು ಚಿತ್ರದ ಫೋಲ್ಡರಿನಲ್ಲೇ ಒಂದು ಚಿಕ್ಕ ಫೈಲಾಗಿ ಕೂರುತ್ತವೆ. ಹೊಸ ಡಿಸ್ಕಿಗೆ ಹೋದರೂ ಜೊತೆಗೇ ಬರುತ್ತವೆ. ಕಲೆಕ್ಷನ್ ಮಾತ್ರ ಸರ್ವರಿನ ಸ್ವಂತ ಡೇಟಾ ಫೋಲ್ಡರಿನಲ್ಲಿ ಇರುತ್ತದೆ. ಅದಕ್ಕೇ ನಾನು ಪ್ರತಿ ಚಿತ್ರಕ್ಕೂ ಟ್ಯಾಗ್ ಬರೆದಿದ್ದೇನೆ, ಕಲೆಕ್ಷನ್ ಮಾಡಿದ್ದು ಬೇಕೇ ಬೇಕಾದ ಕೆಲವನ್ನು ಮಾತ್ರ. ಬ್ಯಾಕಪ್ ತೆಗೆಯುವಾಗ ಆ ಡೇಟಾ ಫೋಲ್ಡರನ್ನೂ ಸೇರಿಸಿಕೊಳ್ಳಿ.