ನಾಮಿನಿ ಇಲ್ಲದ ಖಾತೆ ಮತ್ತು ಬ್ಯಾಂಕಿನ ‘ಮೃತರ ಕ್ಲೇಮ್’ ಸೇವೆ: ಒಂದು ವಿಮರ್ಶೆ

ತೀರಿಕೊಂಡವರ ಹೆಸರಿನಲ್ಲಿರುವ ಸಣ್ಣ ಮೊತ್ತದ ಠೇವಣಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ವಾರಸುದಾರರಿಗೆ ಕೊಡುವ ಏರ್ಪಾಡು ನಮ್ಮ ಬ್ಯಾಂಕುಗಳಲ್ಲಿ ಬಹಳ ಕಾಲದಿಂದ ಇದೆ. ಆದರೆ ಯಾವ ದಾಖಲೆ ಕೇಳಬೇಕು, ಎಷ್ಟು ಮೊತ್ತದವರೆಗೆ ಕೊಡಬಹುದು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಮಾತ್ರವಲ್ಲ, ಶಾಖೆಯಿಂದ ಶಾಖೆಗೂ ಬೇರೆಯಾಗುತ್ತಿತ್ತು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 26ರಂದು ಹೊರಡಿಸಿದ ನಿರ್ದೇಶನ ಈ ಗೊಂದಲಕ್ಕೆ ಒಂದು ಮಟ್ಟಿಗೆ ತೆರೆ ಎಳೆದಿದೆ; 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದನ್ನು ಜಾರಿಗೆ ತರಬೇಕೆಂದು ಗಡುವು ಕೊಡಲಾಗಿತ್ತು. ನಮ್ಮ ದೊಡ್ಡಮ್ಮನ ಹಣವನ್ನು ಈ ನಿಯಮದ ಅಡಿಯಲ್ಲೇ ಪಡೆದುಕೊಂಡೆವು. ವಾರಸುದಾರರಲ್ಲಿ ಒಮ್ಮತವಿದ್ದರೆ ಇದು ನಂಬಬಹುದಾದ ಸೇವೆ, ಮಧ್ಯವರ್ತಿಗಳಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಬ್ಯಾಂಕು ಹಣವನ್ನು ಬಿಡುಗಡೆ ಮಾಡುತ್ತದೆಯೇ ಹೊರತು ಅದರಲ್ಲಿ ಯಾರ ಪಾಲು ಎಷ್ಟು ಎಂದು ತೀರ್ಮಾನಿಸುವುದಿಲ್ಲ. ಆ ಅರ್ಧ ಕೆಲಸ ಮನೆಯವರದೇ, ಮತ್ತು ಕಷ್ಟದ ಅರ್ಧವೂ ಅದೇ.

ದೊಡ್ಡಮ್ಮ, ಅಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ಅರಸೀಕೆರೆಯಲ್ಲಿ ನೆಲೆಸಿದ್ದ ನಿವೃತ್ತ ಶಿಕ್ಷಕಿ. ಮಕ್ಕಳಿರಲಿಲ್ಲ, ದೊಡ್ಡಪ್ಪ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ರಾಷ್ಟ್ರೀಕೃತ ಬ್ಯಾಂಕೊಂದರ ಶಾಖೆಯಲ್ಲಿ ಅವರ ಉಳಿತಾಯ ಖಾತೆ, ಎರಡು ಎಫ್‌ಡಿ ಮತ್ತು ಒಂದು ಲಾಕರ್ ಇದ್ದವು. ಎಲ್ಲದಕ್ಕೂ ನಾಮಿನಿಯೆಂದು ದೊಡ್ಡಪ್ಪನ ಹೆಸರೇ ಇತ್ತು, ಅದನ್ನು ಬದಲಿಸಿರಲಿಲ್ಲ. ನಾಮಿನಿಯೇ ಮೊದಲು ತೀರಿಕೊಂಡಿದ್ದರೆ ನಾಮಿನಿ ಇಲ್ಲವೆಂದೇ ಲೆಕ್ಕ. ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ ಇದೆ.

ಹೊಸ ನಿಯಮದ ಪ್ರಕಾರ ನಾಮಿನಿ ಅಥವಾ ಜಂಟಿ ಖಾತೆದಾರರು ಇಲ್ಲದಿದ್ದು, ಉಯಿಲು, ತಕರಾರು, ಕೋರ್ಟಿನ ತಡೆ ಯಾವುದೂ ಇಲ್ಲದಿದ್ದಾಗ, ವಾಣಿಜ್ಯ ಬ್ಯಾಂಕುಗಳು ಕನಿಷ್ಠ 15 ಲಕ್ಷ ರೂಪಾಯಿವರೆಗೂ ಸಹಕಾರಿ ಬ್ಯಾಂಕುಗಳು 5 ಲಕ್ಷದವರೆಗೂ ಸರಳ ವಿಧಾನದಲ್ಲೇ ಕ್ಲೇಮ್ ಇತ್ಯರ್ಥಪಡಿಸಬೇಕು. ಅರ್ಜಿ, ಮರಣ ಪ್ರಮಾಣಪತ್ರ, ಅರ್ಜಿದಾರರ ಗುರುತಿನ ದಾಖಲೆ, ನಷ್ಟಭರ್ತಿ ಮುಚ್ಚಳಿಕೆ (ನಾಳೆ ಬೇರೆ ವಾರಸುದಾರರು ಬಂದರೆ ತಾನೇ ಹಣ ತುಂಬಿಕೊಡುತ್ತೇನೆಂದು ಸಹಿ ಹಾಕುವ ಕಾಗದ), ಹಣ ಪಡೆಯದ ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರ, ಜೊತೆಗೆ ವಾರಸುದಾರರು ಯಾರೆಂಬುದಕ್ಕೆ ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರ ಅಥವಾ ಕುಟುಂಬವನ್ನು ಚೆನ್ನಾಗಿ ಬಲ್ಲ, ಬ್ಯಾಂಕಿಗೆ ಒಪ್ಪಿಗೆಯಾದ ಹೊರಗಿನವರೊಬ್ಬರ ಘೋಷಣೆ: ಇಷ್ಟೇ ಕಾಗದ. ಈ ಮಿತಿಯೊಳಗೆ ಮೂರನೆಯವರ ಜಾಮೀನು ಕೇಳುವಂತಿಲ್ಲ. ದಾಖಲೆಗಳೆಲ್ಲ ತಲುಪಿದ 15 ದಿನಗಳೊಳಗೆ ಹಣ ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸುವ ‘ಬ್ಯಾಂಕ್ ದರ’ದ ಮೇಲೆ ಶೇಕಡಾ 4ರಷ್ಟು ಸೇರಿಸಿ ವಾರ್ಷಿಕ ಬಡ್ಡಿ ತೆರಬೇಕು. ಲಾಕರ್ ವಿಷಯದಲ್ಲಾದರೆ ತಡವಾದ ದಿನವೊಂದಕ್ಕೆ 5,000 ರೂಪಾಯಿ ಪರಿಹಾರ.

ಕಾಗದದ ಮೇಲಿನ ಈ ನಿಯಮ ಕೌಂಟರಿನವರೆಗೆ ಪೂರ್ತಿ ಇಳಿದಿಲ್ಲ. ನಾವು ಮೊದಲು ವಿಚಾರಿಸಿದಾಗ, ನಾಮಿನಿ ಇಲ್ಲದ ಕಾರಣ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಲೇಬೇಕು, ಅದಲ್ಲದೆ ಇಬ್ಬರು ಜಾಮೀನುದಾರರೂ ಬೇಕು ಎಂದರು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಡಿ ಆ ಪ್ರಮಾಣಪತ್ರ ಪಡೆಯಬೇಕಾದರೆ ಅರ್ಜಿ, ನೋಟಿಸು, ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕ, ವಕೀಲರ ಫೀಜು ಎಂದು ತಿಂಗಳುಗಟ್ಟಲೆ ಎಳೆಯುತ್ತದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರತಿಯನ್ನು ಮ್ಯಾನೇಜರರ ಮುಂದಿಟ್ಟ ಮೇಲೆ ಅವರು ಓದಿ, ಮೇಲಿನ ಕಚೇರಿಗೆ ಫೋನ್ ಮಾಡಿ, ಎರಡನ್ನೂ ಕೈಬಿಟ್ಟರು. ಆಮೇಲೆ ಅವರ ನಡವಳಿಕೆಯಲ್ಲಿ ಕುಂದು ಹೇಳುವಂಥದ್ದೇನೂ ಇರಲಿಲ್ಲ. ಪ್ರತಿ ಕೈಯಲ್ಲಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಇನ್ನೊಂದು ಮಾತು: 15 ದಿನಗಳ ಲೆಕ್ಕ ಶುರುವಾಗುವುದು ಕೊನೆಯ ದಾಖಲೆ ತಲುಪಿದ ದಿನದಿಂದ. ಆದ್ದರಿಂದ ಬೇಕಾದ ದಾಖಲೆಗಳ ಪಟ್ಟಿಯನ್ನು ಮೊದಲೇ ಬರೆಸಿಕೊಂಡು, ಎಲ್ಲವನ್ನೂ ಒಟ್ಟಿಗೆ ಕೊಟ್ಟು, ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಪಡೆದೇ ಅಲ್ಲಿಂದ ಏಳಬೇಕು. ನಾವು ಹಾಗೆ ಮಾಡಿದ್ದರಿಂದ ಗಡುವಿನೊಳಗೇ ಹಣ ಬಂತು. ಅವಧಿ ಮುಗಿಯದ ಎಫ್‌ಡಿಯನ್ನು ದಂಡ ಹಿಡಿಯದೆ ಮುರಿದು ಕೊಟ್ಟರು, ಅದೂ ನಿಯಮವೇ.

ವಾರಸುದಾರರು ಯಾರು ಎಂಬಲ್ಲಿ ನಮ್ಮ ಪ್ರಕರಣ ಸರಳವಾಗಿರಲಿಲ್ಲ. ದೊಡ್ಡಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆ, ಔಷಧಿ, ಊಟ ಎಲ್ಲವನ್ನೂ ನೋಡಿಕೊಂಡವರು ಅವರ ತಮ್ಮ, ನಾವು ಮಾವ ಎಂದು ಕರೆಯುವವರು. ಶಾಖೆಯ ಸಿಬ್ಬಂದಿಯೂ ಅವರನ್ನೇ ವಾರಸುದಾರರೆಂದು ಭಾವಿಸಿ ಅರ್ಜಿ ತುಂಬಿಸಲು ಹೊರಟಿದ್ದರು. ಆದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 15ನೇ ಕಲಮಿನ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಮಹಿಳೆಗೆ ಗಂಡನಾಗಲಿ ಮಕ್ಕಳು ಮೊಮ್ಮಕ್ಕಳಾಗಲಿ ಇಲ್ಲದಿದ್ದರೆ, ಆಕೆ ಸ್ವಂತ ದುಡಿಮೆಯಿಂದ ಕೂಡಿಟ್ಟ ಹಣವೂ ಮೊದಲು ಹೋಗುವುದು ಗಂಡನ ವಾರಸುದಾರರಿಗೆ, ತವರಿನವರಿಗಲ್ಲ. ಅಂದರೆ ಅಜ್ಜ ಅಜ್ಜಿ ಇಬ್ಬರೂ ಇಲ್ಲದ ನಮ್ಮ ಮನೆಯಲ್ಲಿ ದೊಡ್ಡಪ್ಪನ ಒಡಹುಟ್ಟಿದವರಾದ ನನ್ನ ತಂದೆ ಮತ್ತು ಇಬ್ಬರು ಅತ್ತೆಯರಿಗೆ ಸಮಪಾಲು. ಮೂರು ದಶಕ ಪಾಠ ಹೇಳಿ ಉಳಿಸಿದ ಹಣದಲ್ಲಿ ಆಕೆಯ ಸ್ವಂತ ತಮ್ಮನಿಗೆ ಕಾನೂನಿನಂತೆ ಕವಡೆಯೂ ಇಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಇದೇ ಕಲಮಿನ ವಿಚಾರಣೆಯಲ್ಲಿ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹಿಂದೂ ಮಹಿಳೆಯರು ಉಯಿಲು ಬರೆದಿಡಬೇಕೆಂದು ಕೋರಿದ್ದು ಇಂಥ ಮನೆಗಳನ್ನು ಕಂಡೇ ಇರಬೇಕು.

ಈ ಕಾರಣದಿಂದ ದೊಡ್ಡಪ್ಪನ ಕಡೆಯ ವಂಶವೃಕ್ಷ ಬೇಕಾಯಿತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ನೋಟರಿ ಮಾಡಿಸಿದ ಅಫಿಡವಿಟ್ ಲಗತ್ತಿಸಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಬಂದು ನೆರೆಹೊರೆಯವರನ್ನು ವಿಚಾರಿಸಿ ವರದಿ ಕೊಟ್ಟರು. ಕೆಲಸ ಸಲೀಸಾಗಿ ಆಯಿತು. ತೀರಿಕೊಂಡವರ ಹೆಸರು ಪಾಸ್‌ಬುಕ್, ಆಧಾರ್, ಮರಣ ಪ್ರಮಾಣಪತ್ರ ಮೂರರಲ್ಲೂ ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಲಾಕರ್ ತೆರೆದ ದಿನ ಸೇವೆಯ ಒಳ್ಳೆಯ ಮುಖ ಕಂಡಿತು. ಅಧಿಕಾರಿ ಇಬ್ಬರು ಸಾಕ್ಷಿಗಳ ಎದುರು ಒಂದೊಂದೇ ವಸ್ತುವನ್ನು ಬಿಳಿ ಬಟ್ಟೆಯ ಮೇಲಿಟ್ಟು ಪಟ್ಟಿ ಬರೆಯುತ್ತಾ ಹೋದರು: ಹಳದಿ ಲೋಹದ ಬಳೆ ನಾಲ್ಕು, ಕರಿಮಣಿ ಸರ ಒಂದು, ಬಿಳಿ ಲೋಹದ ದೀಪ ಎರಡು, ಕಾಗದಗಳಿರುವ ಲಕೋಟೆ ಒಂದು. ಚಿನ್ನವೆಂದು ಬರೆಯದಿದ್ದಕ್ಕೆ ಅತ್ತೆ ಮುಖ ಸಣ್ಣದು ಮಾಡಿಕೊಂಡಾಗ, ಒರೆಗೆ ಹಚ್ಚದೆ ಚಿನ್ನವೆಂದು ಬರೆಯುವ ಅಧಿಕಾರ ತಮಗಿಲ್ಲ, ನಾಳೆ ನಿಮ್ಮಲ್ಲೇ ಮಾತು ಬರಬಾರದೆಂದು ಹೀಗೆ ಬರೆಯುತ್ತೇವೆ ಎಂದು ಅವರು ಸಮಾಧಾನದಿಂದ ವಿವರಿಸಿದರು. ಆ ಬಳೆಗಳಲ್ಲಿ ಎರಡು ದೊಡ್ಡಮ್ಮನಿಗೆ ಅವರ ತಾಯಿಯ ಮರಣಾನಂತರ ಪಾಲಿಗೆ ಬಂದವು. ಹೆತ್ತವರಿಂದ ಉತ್ತರಾಧಿಕಾರವಾಗಿ ಬಂದ ಸ್ವತ್ತು, ಮಕ್ಕಳಿಲ್ಲದಿದ್ದರೆ, ಗಂಡನ ಕಡೆಗೆ ಹೋಗದೆ ತಂದೆಯ ವಾರಸುದಾರರಿಗೆ ಮರಳುತ್ತದೆ ಎಂದು ಅದೇ 15ನೇ ಕಲಮು ಹೇಳುತ್ತದೆ. ಬ್ಯಾಂಕಿಗೆ ಇದು ತಿಳಿಯುವ ಬಗೆಯಿಲ್ಲ. ನಾವೇ ಹೇಳಿ ಲಾಕರ್ ಕಾಗದಗಳಿಗೆ ಮಾವನ ಸಹಿಯನ್ನೂ ಹಾಕಿಸಿ, ಆ ಎರಡು ಬಳೆಗಳನ್ನು ಅವರ ಕೈಗೆ ಕೊಟ್ಟೆವು.

ಹಂಚಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಓಡಾಟ ತಪ್ಪಲೆಂದು ಅನೇಕರು ಒಬ್ಬರ ಹೆಸರಿಗೆ ಹಣ ಹಾಕಿಸಿಕೊಂಡು ಉಳಿದವರಿಂದ ನಿರಾಕ್ಷೇಪಣಾ ಪತ್ರ ಕೊಡಿಸುತ್ತಾರೆ. ಆ ಪತ್ರದಿಂದ ಬ್ಯಾಂಕಿನ ಹೊಣೆ ತೀರುತ್ತದೆ. ಪತ್ರ ಕೊಟ್ಟವರಿಗೆ ಪಾಲು ಸಿಗುತ್ತದೆಂಬ ಖಾತ್ರಿ ಅದರಲ್ಲಿಲ್ಲ. ನಮ್ಮಲ್ಲೂ ತಂದೆಯ ಖಾತೆಗೇ ಹಣ ಹಾಕಿಸಿಕೊಂಡೆವು; ಆದರೆ ಅದು ಬರುವ ಮೊದಲೇ ತಂದೆ ಮತ್ತು ಅತ್ತೆಯರು ಮೂವರೂ ಕೂತು ಒಂದು ಒಪ್ಪಂದ ಬರೆದರು. ಮೊದಲು ಉತ್ತರಕ್ರಿಯೆಯ ಖರ್ಚು, ಆಮೇಲೆ ಆಸ್ಪತ್ರೆಗೂ ಔಷಧಿಗೂ ಮಾವ ಕೈಯಿಂದ ಹಾಕಿದ ಹಣ, ಉಳಿದದ್ದರಲ್ಲಿ ಪಾಲು. ಸತ್ತವರ ಸಾಲ ತೀರಿಸಿಯೇ ಪಾಲು ಮಾಡಬೇಕೆಂಬುದು ಕಾನೂನೂ ಹೌದು, ನಮ್ಮ ಹಿರಿಯರ ನಡೆಯೂ ಹೌದು. ಮಾವ ರಸೀದಿಗಳನ್ನು ತರಲು ಸಂಕೋಚಪಟ್ಟರು. ದೊಡ್ಡತ್ತೆ ಬಿಡಲಿಲ್ಲ, ತಮ್ಮ ಪಾಲಿನಲ್ಲೂ ಒಂದಿಷ್ಟನ್ನು ಅವರಿಗೆ ಕೊಟ್ಟರು.

ಚಿಕ್ಕದಾದರೂ ಮರೆಯಬಾರದ ಕೆಲವು ಸಂಗತಿಗಳಿವೆ. ಸಾವಿನ ನಂತರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಆಮೇಲೆ ಜಮೆಯಾದ ಪಿಂಚಣಿಯನ್ನು ಹಿಂದಿರುಗಿಸಬೇಕಾಗುತ್ತದೆ. 55 ದಾಟದವರ ಪಾಸ್‌ಬುಕ್ಕಿನಲ್ಲಿ ಮೇ ಅಥವಾ ಜೂನ್ ಸುಮಾರಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತಾಗಿರಬಹುದು. ಹೌದಾದರೆ 2 ಲಕ್ಷ ರೂಪಾಯಿಗೆ ಬೇರೆಯೇ ಅರ್ಜಿ ಹಾಕಬೇಕು. ಹತ್ತು ವರ್ಷ ಮುಟ್ಟದೆ ಬಿಟ್ಟ ಹಳೆಯ ಖಾತೆಗಳನ್ನು ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಹುಡುಕಬಹುದು.

ಲಾಕರಿನ ಲಕೋಟೆಯಲ್ಲಿ ಸಿಕ್ಕಿದ್ದು ಪತ್ತಿನ ಸಹಕಾರ ಸಂಘವೊಂದರ ಠೇವಣಿ ರಸೀದಿ. ಇಲ್ಲಿ ಹೊಸ ನಿಯಮದ ಆಸರೆ ಇಲ್ಲ, ಏಕೆಂದರೆ ರಿಸರ್ವ್ ಬ್ಯಾಂಕಿನ ನಿರ್ದೇಶನ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆಯೇ ಹೊರತು ಇಂಥ ಸಂಘಗಳಿಗಲ್ಲ. ಸಂಘದ ಆಡಳಿತ ಮಂಡಳಿಯ ಸಭೆಯ ತನಕ ಕಾಯಬೇಕೆಂದು ಹೇಳಿದ್ದಾರೆ. ಆ ಹಣ ಇನ್ನೂ ಬಂದಿಲ್ಲ.

ಬ್ಯಾಂಕಿನ ಸೇವೆಯಲ್ಲಿ ನಾನು ಒಪ್ಪಲಾರದ ದೊಡ್ಡ ಕೊರತೆ ಭಾಷೆಯದು. ನಷ್ಟಭರ್ತಿ ಮುಚ್ಚಳಿಕೆ ನಮಗೆ ಇಂಗ್ಲಿಷಿನಲ್ಲಿ ಮಾತ್ರ ಸಿಕ್ಕಿತು. ಏಳನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ದೊಡ್ಡತ್ತೆ, ಸಾಲು ಸಾಲಾಗಿ ಅರ್ಥ ಹೇಳಿಸಿಕೊಂಡ ಮೇಲೆಯೇ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿದರು. ಹೇಳಿಕೊಡುವವರು ಇಲ್ಲದ ಮನೆಯಲ್ಲಿ ಆ ಸಹಿ ಕಣ್ಣು ಮುಚ್ಚಿಯೇ ಬೀಳುತ್ತದೆ. ಅರ್ಜಿ, ಮುಚ್ಚಳಿಕೆ, ದಾಖಲೆಗಳ ಪಟ್ಟಿ ಮೂರನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಕೌಂಟರಿನಲ್ಲಿ ಇಡಬೇಕೆಂದು ಶಾಖೆಗೆ ಲಿಖಿತವಾಗಿ ಕೊಟ್ಟು ಬಂದಿದ್ದೇವೆ.